ಸಂಗ್ರಹವೂ ಪರಿಗ್ರಹವೂ: ಸ್ಯಾನ್ ಮರೀನೊದ ಹಳೆಯ ಅಂಚೆಚೀಟಿಗಳು

ಉಪಯೋಗಕ್ಕಾಗಿ ತಯಾರಾದ ವಸ್ತುವನ್ನು ಉಪಯೋಗಿಸದೆ ಇಟ್ಟುಕೊಂಡಾಗಲೇ ಅದರ ಬೆಲೆ ಹೆಚ್ಚುವುದಾದರೆ, ಆ ಹೆಚ್ಚಿದ ಬೆಲೆ ಯಾರ ಗಳಿಕೆ, ಯಾರ ನಷ್ಟ? ಧಾನ್ಯದ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಕ್ಷಾಮಕಾಲದಲ್ಲಿ ಕಣಜ ತುಂಬಿಟ್ಟುಕೊಂಡವನ ಲಾಭವು ಹಸಿದವನ ಹೊಟ್ಟೆಯಿಂದಲೇ ಬಂದದ್ದು. ಅದನ್ನು ದೋಷವೆಂದು ತೋರಿಸಿಕೊಡಲು ಪಂಡಿತರು ಬೇಕಾಗಿಲ್ಲ. ಆದರೆ ಯಾರ ಹಸಿವನ್ನೂ ಹೆಚ್ಚಿಸದ, ಯಾರ ಮೈಮೇಲಿನ ಬಟ್ಟೆಯನ್ನೂ ಕಸಿಯದ ಸಂಗ್ರಹಗಳೂ ಲೋಕದಲ್ಲಿವೆ. ಅಂಚೆಚೀಟಿಗಳ ಸಂಗ್ರಹ ಅಂಥದು. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಾಗದದ ಚೂರು. ಅದನ್ನು ಒಬ್ಬನು ಪುಸ್ತಕದಲ್ಲಿಟ್ಟುಕೊಂಡರೆ ಯಾರಿಗೆ ಏನು ಕಡಿಮೆಯಾಯಿತು? ಹಿಂಸೆಯಿಲ್ಲ, ಕಳವಿಲ್ಲ, ಸುಳ್ಳಿಲ್ಲ ಎಂದು ಮೇಲುನೋಟಕ್ಕೆ ತೋರುತ್ತದೆ. ಇಂತಹ ನಿರಪಾಯವಾದ ಹವ್ಯಾಸದಲ್ಲಿಯೇ ಪರಿಗ್ರಹದ ಸ್ವರೂಪ ಹೆಚ್ಚು ಸ್ಪಷ್ಟವಾಗಿ ಕಾಣಿಸುತ್ತದೆ. ಏಕೆಂದರೆ ಇಲ್ಲಿ ವಸ್ತುವಿನ ಭಾರ ಬಹುಮಟ್ಟಿಗೆ ಇಲ್ಲವೇ ಇಲ್ಲ. ಉಳಿಯುವುದು ಮನಸ್ಸಿನ ಭಾರವೊಂದೇ.

ಈ ವಿಚಾರಕ್ಕೆ ಯೂರೋಪಿನ ಸ್ಯಾನ್ ಮರೀನೊ ಗಣರಾಜ್ಯದ ಆರಂಭಕಾಲದ ಅಂಚೆಚೀಟಿಗಳು ಒಳ್ಳೆಯ ನಿದರ್ಶನ. ಸುತ್ತಲೂ ಇಟಲಿಯಿಂದ ಆವೃತವಾದ, ಸುಮಾರು 61 ಚದರ ಕಿಲೋಮೀಟರ್ ವಿಸ್ತಾರದ ಈ ದೇಶವು ಮೊಂಟೆ ಟಿಟಾನೊ ಎಂಬ ಬೆಟ್ಟವನ್ನು ಆಶ್ರಯಿಸಿಕೊಂಡಿದೆ. ಮರೀನಸ್ ಎಂಬ ಕಲ್ಲುಕುಟಿಗ ಸಂತನು ಕ್ರಿ.ಶ. 301ರಲ್ಲಿ ಇದನ್ನು ಸ್ಥಾಪಿಸಿದನೆಂದು ಅಲ್ಲಿಯ ಐತಿಹ್ಯ. ಬೆಟ್ಟದ ಮೂರು ಶಿಖರಗಳ ಮೇಲೆ ಮೂರು ಗೋಪುರಗಳು, ಲಾಂಛನದಲ್ಲಿ ಸ್ವಾತಂತ್ರ್ಯವೆಂಬ ಅರ್ಥದ ಒಂದು ಲ್ಯಾಟಿನ್ ಪದ, ಆರಾರು ತಿಂಗಳಿಗೊಮ್ಮೆ ಬದಲಾಗುವ ಇಬ್ಬರು ರಾಷ್ಟ್ರಮುಖ್ಯರು. ಅಧಿಕಾರವನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಯಾರ ಕೈಯಲ್ಲಿಯೂ ನಿಲ್ಲಗೊಡದ ಈ ಪದ್ಧತಿಯೂ ಒಂದು ಬಗೆಯ ಪರಿಗ್ರಹ ಪರಿಮಾಣವೇ ಎನ್ನಬಹುದು. ಆದರೆ ಅದು ಪ್ರತ್ಯೇಕ ಲೇಖನದ ವಿಷಯ. 1849ರಲ್ಲಿ ಸೋತು ಬಂದ ಗರಿಬಾಲ್ಡಿಗೆ ಈ ಊರು ಆಶ್ರಯ ಕೊಟ್ಟಿತು. ಇಟಲಿ ಒಂದು ರಾಜ್ಯವಾಗಿ ಒಗ್ಗೂಡಿದ ಮರುವರ್ಷ, 1862ರಲ್ಲಿ, ಆ ಹೊಸ ರಾಜ್ಯದೊಡನೆ ಮೈತ್ರಿಯ ಒಪ್ಪಂದ ಮಾಡಿಕೊಂಡು ತನ್ನ ಸ್ವಾತಂತ್ರ್ಯವನ್ನು ಉಳಿಸಿಕೊಂಡಿತು.

ಆಗ ಅಲ್ಲಿಯ ಪತ್ರಗಳ ಮೇಲೆ ಇಟಲಿಯ ಅಂಚೆಚೀಟಿಗಳನ್ನೇ ಅಂಟಿಸುತ್ತಿದ್ದರು. 1877ರಲ್ಲಿ ಇಟಲಿಯೊಡನೆ ಅಂಚೆಯ ಒಪ್ಪಂದವಾಗಿ, ಅದೇ ವರ್ಷದ ಆಗಸ್ಟ್ 1ರಂದು ಗಣರಾಜ್ಯದ ಮೊದಲ ಸ್ವಂತ ಚೀಟಿಗಳು ಹೊರಬಂದವು. 2, 10, 20, 30 ಮತ್ತು 40 ಸೆಂಟೆಸಿಮಿ, ಹೀಗೆ ಐದು ಬೆಲೆಗಳು. ಹಸಿರು ಬಣ್ಣದ ಎರಡರ ಚೀಟಿಯಲ್ಲಿ ಅಂಕಿಗೆ ಪ್ರಾಧಾನ್ಯ. ಉಳಿದ ನಾಲ್ಕರಲ್ಲಿ ಮೂರು ಗೋಪುರಗಳ ಲಾಂಛನ. ನೀಲಿ ಹತ್ತು, ಕೆಂಪು ಇಪ್ಪತ್ತು, ಕಂದು ಮೂವತ್ತು, ನೇರಳೆ ನಲವತ್ತು. ಸ್ವಂತ ಮುದ್ರಣಾಲಯದ ಅನುಕೂಲವಿಲ್ಲದ್ದರಿಂದ ಇಟಲಿಯ ಸರಕಾರಿ ಮುದ್ರಣಾಲಯದಲ್ಲಿ, ಟ್ಯೂರಿನ್ ನಗರದಲ್ಲಿ, ಅಲ್ಲಿಯದೇ ಕಿರೀಟದ ನೀರುಗುರುತಿನ ಕಾಗದದ ಮೇಲೆ ಇವನ್ನು ಅಚ್ಚು ಹಾಕಿಸಿದರು. ಸ್ವಾತಂತ್ರ್ಯದ ಗುರುತನ್ನು ಹೊತ್ತ ಚೀಟಿಯನ್ನು ಬೆಳಕಿಗೆ ಹಿಡಿದರೆ ಒಳಗೆ ನೆರೆಯ ಅರಸನ ಕಿರೀಟ ಕಾಣುತ್ತದೆ. ಸಂಗ್ರಾಹಕರಿಗೆ ಇದು ಅಸಲಿಯೋ ಅಲ್ಲವೋ ಎಂದು ಪರೀಕ್ಷಿಸುವ ಸಾಧನ ಮಾತ್ರ. ವಿಚಾರವಂತರಿಗೆ ಅದಕ್ಕಿಂತ ಹೆಚ್ಚು.

ಈ ಐದು ಚೀಟಿಗಳ ವಿಷಯದಲ್ಲಿ ಯಾರೂ ದೋಷ ಹುಡುಕಲಾರರು. ಅಂದಿನ ದಿನಗಳಲ್ಲಿ ಹತ್ತು ಸಾವಿರಕ್ಕೂ ಕಡಿಮೆ ಜನವಿದ್ದ ದೇಶಕ್ಕೆ ಪತ್ರ ಕಳುಹಿಸಲು ಚೀಟಿ ಬೇಕಾಗಿತ್ತು. ಬೇಕಾದ ಬೆಲೆಗಳಲ್ಲಿ ಮುದ್ರಿಸಿದರು. ಹದಿಮೂರು ವರ್ಷ ಅವೇ ನಡೆದವು. 1890ರಲ್ಲಿ 5 ಮತ್ತು 25 ಸೆಂಟೆಸಿಮಿಯ ಎರಡು ಚೀಟಿಗಳು ಸೇರಿದವು. ಅಗತ್ಯವಿದ್ದಷ್ಟು, ಅಗತ್ಯವಿದ್ದಾಗ. ಇದು ವ್ಯವಹಾರದ ಶುದ್ಧಿ.

ಇಲ್ಲಿ ಲೆಕ್ಕಶಾಸ್ತ್ರದ ಒಂದು ಮಾತನ್ನು ಗಮನಿಸಬೇಕು. ಅಂಚೆಚೀಟಿಯು ನಿಜವಾಗಿ ಒಂದು ಸರಕಲ್ಲ. ಮುಂದೆ ಸಲ್ಲಿಸಬೇಕಾದ ಸೇವೆಗೆ ಮುಂಗಡವಾಗಿ ಪಡೆದ ಹಣದ ರಸೀದಿ ಅದು. ಯಾವ ಪ್ರಾಮಾಣಿಕ ಗುಮಾಸ್ತನೂ ಮುಂಗಡವನ್ನು ಲಾಭದ ಕಡೆಗೆ ಬರೆಯುವುದಿಲ್ಲ. ಋಣದ ಕಡೆಗೆ ಬರೆಯುತ್ತಾನೆ. ಪತ್ರವನ್ನು ಮುಟ್ಟಿಸಿದ ದಿನ ಆ ಋಣ ತೀರುತ್ತದೆ. ಆದರೆ ಚೀಟಿಯನ್ನು ಕೊಂಡವನು ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ತನ್ನ ಆಲ್ಬಮ್ಮಿನಲ್ಲಿ ಅದನ್ನು ಇಟ್ಟುಬಿಟ್ಟರೆ? ಪತ್ರವೇ ಇಲ್ಲ, ಹೇಸರಗತ್ತೆ ಬೆಟ್ಟ ಹತ್ತಬೇಕಿಲ್ಲ, ಅಂಚೆಯವನು ಬಾಗಿಲು ತಟ್ಟಬೇಕಿಲ್ಲ. ಹಣ ಬಂದಿತು, ಋಣವನ್ನು ಕೇಳಲು ಯಾರೂ ಬರಲಿಲ್ಲ. ಇಪ್ಪತ್ತು ಸೆಂಟೆಸಿಮಿಯಲ್ಲಿ ಕಾಗದ, ಶಾಯಿ, ಅಂಟುಗಳ ಖರ್ಚು ಕಳೆದರೆ ಉಳಿದದ್ದೆಲ್ಲ ಖಜಾನೆಗೆ. ತೆರಿಗೆ ಹಾಕಲು ಹೆಚ್ಚು ಜನರೇ ಇಲ್ಲದ ಬಡ ಗಣರಾಜ್ಯಕ್ಕೆ ಈ ಸಂಗತಿ ತಿಳಿಯಲು ಬಹಳ ಕಾಲ ಹಿಡಿಯಲಿಲ್ಲ.

ಇದರಲ್ಲಿ ಅಧರ್ಮವೇನಿದೆ ಎಂದು ಕೇಳಬಹುದು. ಕೊಳ್ಳುವವನಿಗೆ ಎಲ್ಲವೂ ತಿಳಿದಿದೆ. ಅವನಿಗೆ ಸೇವೆ ಬೇಡ, ಚೀಟಿ ಬೇಕು. ಒಪ್ಪಿ ಕೊಟ್ಟ ಹಣ. ಇಷ್ಟರ ಮಟ್ಟಿಗೆ ಆಕ್ಷೇಪಕ್ಕೆ ಎಡೆಯಿಲ್ಲ. ಕೇಳದೆ ಉಳಿದ ಋಣವನ್ನು ಕೊಟ್ಟವನೇ ಬಿಟ್ಟುಕೊಟ್ಟನೆಂದು ತಿಳಿಯಬೇಕು. ಆದರೆ ಋಣಿಯಾದವನು, ಋಣವನ್ನು ಎಂದೂ ಕೇಳದವರನ್ನೇ ಹುಡುಕಿ ಹುಡುಕಿ ಅವರಿಗಾಗಿಯೇ ಹೊಸ ರಸೀದಿಗಳನ್ನು ಬರೆಯತೊಡಗಿದರೆ ವಿಷಯ ಬೇರೆಯಾಗುತ್ತದೆ. ಅಗತ್ಯವನ್ನು ಪೂರೈಸುವುದು ವ್ಯಾಪಾರ. ಆಸೆಯನ್ನು ಹುಟ್ಟಿಸಿ ಆ ಆಸೆಗೆ ಸರಕು ಒದಗಿಸುವುದೂ ವ್ಯಾಪಾರವೇ ಎಂದು ಇಂದಿನ ಜನ ವಾದಿಸುತ್ತಾರೆ. ಎರಡಕ್ಕೂ ಒಂದೇ ಹೆಸರಿದ್ದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ.

1892ರಲ್ಲಿ ಕಡಿಮೆ ಬೆಲೆಯ ಚೀಟಿಗಳು ಸಾಲದೆ ಬಂದಾಗ, ಹತ್ತು ಮತ್ತು ಮೂವತ್ತರ ಚೀಟಿಗಳ ಮೇಲೆ ಐದೆಂದೂ, ಇಪ್ಪತ್ತರ ಚೀಟಿಯ ಮೇಲೆ ಹತ್ತೆಂದೂ ಮೇಲಚ್ಚು ಹಾಕಿದರು. ಕೊರತೆಯ ಕಾಲದಲ್ಲಿ ಎಲ್ಲ ಅಂಚೆ ಇಲಾಖೆಗಳೂ ಮಾಡುವ ಕೆಲಸವಿದು. ಆದರೆ ಈ ಮೇಲಚ್ಚುಗಳಲ್ಲಿ ತಲೆಕೆಳಗಾದವು, ಎರಡೆರಡು ಸಲ ಬಿದ್ದವು ಹೇರಳವಾಗಿವೆ. ಅಚ್ಚಿನ ಮನೆಯಲ್ಲಿ ತಪ್ಪಾಗುವುದು ಸಹಜ. ತಪ್ಪಾದ ಹಾಳೆಯನ್ನು ಸಾಮಾನ್ಯವಾಗಿ ಹರಿದು ಹಾಕುತ್ತಾರೆ. ಇಲ್ಲಿ ಅವು ಉಳಿದವು, ಮಾರಾಟವಾದವು, ಬೆಲೆಪಟ್ಟಿಗಳಲ್ಲಿ ಪ್ರತ್ಯೇಕ ಸ್ಥಾನ ಪಡೆದವು. ತಪ್ಪಿಗೆ ಸರಿಗಿಂತ ಹೆಚ್ಚು ಬೆಲೆ ಬರುವುದೆಂದು ತಿಳಿದ ಮೇಲೆ ತಪ್ಪನ್ನು ತಡೆಯುವ ಉತ್ಸಾಹ ಯಾರಿಗಿರುತ್ತದೆ? ಅವು ಬೇಕೆಂದೇ ಮಾಡಿದವೆಂದು ಹೇಳುವುದು ಅನ್ಯಾಯವಾದೀತು. ತಪ್ಪಾಗದಂತೆ ನೋಡಿಕೊಳ್ಳುವುದರಲ್ಲಿ ಯಾರಿಗೂ ಲಾಭವಿರಲಿಲ್ಲ ಎಂಬಷ್ಟನ್ನು ನಿಸ್ಸಂದೇಹವಾಗಿ ಹೇಳಬಹುದು. ಮುಂದಿನ ಒಂದೆರಡು ವರ್ಷಗಳಲ್ಲಿ ಬಂದ ಚೀಟಿಗಳಲ್ಲಿ 5 ಲೀರಾದ ಒಂದು ಚೀಟಿಯೂ ಇದೆ. ನೂರು ಸೆಂಟೆಸಿಮಿಗೆ ಒಂದು ಲೀರಾ. ಅಂದರೆ ಇಪ್ಪತ್ತರ ಇಪ್ಪತ್ತೈದು ಚೀಟಿಗಳ ಬೆಲೆ ಈ ಒಂದರಲ್ಲಿ. ಆ ಬೆಟ್ಟದ ರೈತರೂ ಕಲ್ಲುಕುಟಿಗರೂ ಅದನ್ನು ಯಾವ ಪತ್ರಕ್ಕೆ ಅಂಟಿಸಬೇಕಾಗಿತ್ತೆಂಬುದು ಯೋಚಿಸತಕ್ಕ ವಿಷಯ.

1894ರ ಸೆಪ್ಟೆಂಬರ್ 30ರಂದು ಹೊಸ ಸರಕಾರಿ ಭವನದ ಪ್ರವೇಶೋತ್ಸವ ನಡೆಯಿತು. ಕವಿ ಕಾರ್ಡುಚ್ಚಿ ಬಂದು ಗಣರಾಜ್ಯದ ಸ್ವಾತಂತ್ರ್ಯವನ್ನು ಕುರಿತು ಭಾಷಣ ಮಾಡಿದನು. ಆ ಸಂದರ್ಭಕ್ಕೆಂದು ಭವನದ ಚಿತ್ರವೂ ಅಂದಿನ ಇಬ್ಬರು ರಾಷ್ಟ್ರಮುಖ್ಯರ ಮುಖಗಳೂ ಇರುವ 25, 50 ಸೆಂಟೆಸಿಮಿ ಹಾಗೂ ಒಂದು ಲೀರಾದ ಮೂರು ಚೀಟಿಗಳನ್ನು ಹೊರತಂದರು. ಸ್ಮರಣಾರ್ಥವಾಗಿ ಅಂಚೆಚೀಟಿ ಹೊರಡಿಸುವುದು ಆಗ ಲೋಕಕ್ಕೇ ಹೊಸದು. ಚಿಕ್ಕ ದೇಶವನ್ನು ಮಾತ್ರ ದೂರುವುದು ನ್ಯಾಯವಲ್ಲ. ಹಿಂದಿನ ವರ್ಷವಷ್ಟೇ, 1893ರಲ್ಲಿ, ಅಮೆರಿಕದ ಸಂಯುಕ್ತ ಸಂಸ್ಥಾನಗಳಂತಹ ಸಿರಿವಂತ ರಾಷ್ಟ್ರವೇ ಕೊಲಂಬಸನ ಹೆಸರಿನಲ್ಲಿ ಒಂದು ಸೆಂಟಿನಿಂದ ಐದು ಡಾಲರಿನವರೆಗೆ ಹದಿನಾರು ಚೀಟಿಗಳನ್ನು ಮಾರಿತ್ತು. ಇನ್ನು ಸೀಬೆಕ್ ಎಂಬ ನ್ಯೂಯಾರ್ಕಿನ ಮುದ್ರಕನು ಮಾಡಿದ್ದು ಇದಕ್ಕಿಂತ ಮುಂದಿನ ಹೆಜ್ಜೆ. ನಿಕರಾಗುವ, ಹೊಂಡುರಾಸ್, ಎಲ್ ಸಾಲ್ವಡಾರ್, ಎಕ್ವಡಾರ್ ದೇಶಗಳಿಗೆ ಆತ ಪ್ರತಿವರ್ಷ ಹೊಸ ಚೀಟಿಗಳನ್ನು ಉಚಿತವಾಗಿ ಮುದ್ರಿಸಿಕೊಡುತ್ತಿದ್ದನು. ವರ್ಷಾಂತ್ಯದಲ್ಲಿ ಉಳಿದವು ಅವನಿಗೆ ಸೇರಬೇಕು, ಮತ್ತೆ ಮುದ್ರಿಸಿ ಸಂಗ್ರಾಹಕರಿಗೆ ಮಾರುವ ಹಕ್ಕೂ ಅವನದೇ ಎಂಬುದು ಕರಾರು. ದಾನದಂತೆ ಕಾಣುವ ವ್ಯಾಪಾರವನ್ನು ಇಷ್ಟು ನಿರ್ಲಜ್ಜವಾಗಿ ಯಾರೂ ನಡೆಸಿರಲಿಲ್ಲವೇನೋ. ಬೇಸತ್ತ ಸಂಗ್ರಾಹಕರು 1895ರಲ್ಲಿ ಲಂಡನ್ನಿನಲ್ಲಿ ಲಾಭಕ್ಕಾಗಿ ಹೊರಡಿಸುವ ಅಂಚೆಚೀಟಿಗಳನ್ನು ತಡೆಗಟ್ಟುವ ಒಂದು ಸಂಘವನ್ನೇ ಕಟ್ಟಿದರು. ಅಂತಹ ಚೀಟಿಗಳನ್ನು ಯಾರೂ ಕೊಳ್ಳಬಾರದೆಂದು ಪಟ್ಟಿಮಾಡಿ ಪ್ರಕಟಿಸಿದರು. ಸಂಘ ಬಹುಕಾಲ ಬಾಳಲಿಲ್ಲ; ಪಟ್ಟಿಯಲ್ಲಿದ್ದ ಚೀಟಿಗಳೂ ಆಲ್ಬಮ್ಮುಗಳಲ್ಲಿ ಬಂದು ಕುಳಿತವು. ಮಾರುವವನ ಲೋಭವನ್ನು ಖಂಡಿಸಿದವರಿಗೆ ತಮ್ಮ ಆಲ್ಬಮ್ಮಿನ ಖಾಲಿ ಚೌಕವನ್ನು ಖಾಲಿಯಾಗಿಯೇ ಬಿಡಲು ಆಗಲಿಲ್ಲ.

ಆ ಖಾಲಿ ಚೌಕವೇ ಈ ಪ್ರಸಂಗದ ಮರ್ಮಸ್ಥಾನ. ಮುದ್ರಿತ ಆಲ್ಬಮ್ಮಿನಲ್ಲಿ ಒಂದೊಂದು ಚೀಟಿಗೂ ಒಂದೊಂದು ಚೌಕವಿರುತ್ತದೆ. 1877ರಿಂದ ಆ ಶತಮಾನದ ಕೊನೆಯವರೆಗಿನ ಸ್ಯಾನ್ ಮರೀನೊ ಚೀಟಿಗಳು ಕೆಲವೇ ಪುಟಗಳಲ್ಲಿ ಮುಗಿಯುತ್ತವೆ. ‘ಇಷ್ಟೇ ಸಾಕು, ಇದಕ್ಕಿಂತ ಹೆಚ್ಚು ಬೇಡ’ ಎಂದು ಈ ಅವಧಿಗೆ ತನ್ನನ್ನು ಸೀಮಿತಗೊಳಿಸಿಕೊಂಡ ಸಂಗ್ರಾಹಕನು, ಗೃಹಸ್ಥನು ಸ್ವೀಕರಿಸುವ ಪರಿಗ್ರಹ ಪರಿಮಾಣ ವ್ರತವನ್ನೇ ಪಾಲಿಸಿದಂತಾಗಲಿಲ್ಲವೇ? ಆಗಲಿಲ್ಲ. ವ್ರತದಲ್ಲಿ ಮಿತಿಯನ್ನು ಹಾಕಿಕೊಳ್ಳುವವನು ತಾನು. ಆ ಮಿತಿಯೊಳಗೆ ವಸ್ತು ದೊರೆತರೂ ಸರಿ, ದೊರೆಯದಿದ್ದರೂ ಸರಿ. ಇಲ್ಲಿ ಮಿತಿಯನ್ನು ಹಾಕಿದ್ದು ಮುದ್ರಕ. ಮಿತಿಯೊಳಗಿನ ಪ್ರತಿಯೊಂದೂ ದೊರೆಯಲೇಬೇಕು. ವ್ರತದ ಮಿತಿ ಗೋಡೆಯಂತೆ ತಡೆಯುತ್ತದೆ. ಪಟ್ಟಿಯ ಮಿತಿ ಇಳಿಜಾರಿನಂತೆ ಎಳೆಯುತ್ತದೆ. ಇಪ್ಪತ್ತು ಚೌಕ ತುಂಬಿ ಒಂದು ಖಾಲಿಯಿರುವವನ ಮನಸ್ಸು ಆ ಇಪ್ಪತ್ತರಲ್ಲಿರುವುದಿಲ್ಲ.

ಪಟ್ಟಿ ತುಂಬಿದ ಮೇಲಾದರೂ ತೃಪ್ತಿ ಬರುತ್ತದೆಯೋ ಎಂದರೆ, ಆಗ ಗುಣದ ಪ್ರಶ್ನೆ ಏಳುತ್ತದೆ. ಈ ಹಳೆಯ ಚೀಟಿಗಳಲ್ಲಿ ಚಿತ್ರವು ನಾಲ್ಕು ಅಂಚುಗಳಿಗೂ ಸಮಾನ ದೂರದಲ್ಲಿರುವುದು ಅಪರೂಪ. ಅನೇಕವುಗಳಲ್ಲಿ ರಂಧ್ರಗಳು ಚಿತ್ರವನ್ನೇ ಕತ್ತರಿಸಿವೆ. ಆದುದರಿಂದ ಸರಿಯಾಗಿ ಮಧ್ಯದಲ್ಲಿರುವ ಚೀಟಿಗೆ ಹೆಚ್ಚು ಬೆಲೆ. ಹಿಂಭಾಗದ ಮೂಲ ಅಂಟು ಹಾಗೆಯೇ ಉಳಿದಿದ್ದರೆ ಇನ್ನೂ ಹೆಚ್ಚು. ಆಲ್ಬಮ್ಮಿಗೆ ಹಿಂದೊಮ್ಮೆ ಅಂಟಿಸಿದ ಗುರುತು ಸಹ ಇರಕೂಡದು. ಅಂಟು ಇರುವುದು ಅಂಟಿಸುವುದಕ್ಕೆ. ಎಂದೂ ಅಂಟದಿದ್ದ ಅಂಟಿಗೆ, ಕಣ್ಣಿಗೆ ಕಾಣದ ಬೆನ್ನಿನ ಕಡೆಯ ಅಂಟಿಗೆ, ಮುಖದ ಚಿತ್ರಕ್ಕಿಂತ ಹೆಚ್ಚು ಹಣ ತೆರುವ ಈ ಲೋಕದ ಪದ್ಧತಿಯನ್ನು ಕೇಳಿ ನಗಬಹುದು. ಆದರೆ ಚಿನ್ನದ ಒಡವೆಯನ್ನು ತೊಡದೆ ಪೆಟ್ಟಿಗೆಯಲ್ಲಿಟ್ಟು ವರ್ಷಕ್ಕೊಮ್ಮೆ ತೂಗಿ ನೋಡುವ ಮನೆತನಗಳಿಗೆ ನಗುವ ಅಧಿಕಾರ ಕಡಿಮೆ.

ಸಮಂತಭದ್ರ ಆಚಾರ್ಯರು ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹಕ್ಕೆ ಹೇಳಿರುವ ಅತಿಚಾರಗಳಲ್ಲಿ ಅತಿಸಂಗ್ರಹ, ಅತಿಲೋಭಗಳ ಜೊತೆಗೆ ವಿಸ್ಮಯವೂ ಒಂದು. ಮತ್ತೊಬ್ಬನ ಸಂಪತ್ತನ್ನೋ ಲಾಭವನ್ನೋ ಕಂಡು ಬೆರಗಾಗಿ ಒಳಗೊಳಗೆ ಕುದಿಯುವುದು ಅದರ ಅರ್ಥವೆಂದು ವಿವರಿಸುವುದುಂಟು. ಅಪರೂಪದ ವಸ್ತುವಿನ ಬೆಲೆ ನಿಂತಿರುವುದೇ ಇದರ ಮೇಲೆ. ಧಾನ್ಯವು ಎಲ್ಲರ ಮನೆಯಲ್ಲಿದ್ದರೂ ಹೊಟ್ಟೆ ತುಂಬಿಸುತ್ತದೆ. ವಿರಳ ಚೀಟಿ ಎಲ್ಲರ ಮನೆಯಲ್ಲಿದ್ದರೆ ಅದರ ಸುಖವೇ ಮಾಯ. ಇತರರಿಗೆ ಇಲ್ಲದಿರುವುದೇ ಅದರ ಸಾರ. ಜಗತ್ತಿನ ಅತ್ಯಂತ ಬೆಲೆಯುಳ್ಳ ಅಂಚೆಚೀಟಿಯೆನಿಸಿದ, 1856ರ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಚೀಟಿಯನ್ನು ಕೊಂಡಿದ್ದ ಆರ್ಥರ್ ಹೈಂಡ್ ಎಂಬ ಶ್ರೀಮಂತನ ಬಗ್ಗೆ ಒಂದು ಕಥೆಯಿದೆ. ಅಂತಹದೇ ಎರಡನೆಯ ಚೀಟಿ ದೊರೆತಾಗ ಅದನ್ನೂ ಕೊಂಡು, ಮಾರಿದವನ ಎದುರಿಗೇ ಸಿಗಾರಿನ ಬೆಂಕಿಗೆ ಹಿಡಿದು ಸುಟ್ಟನಂತೆ. ಕಥೆಗೆ ಆಧಾರವಿಲ್ಲ. ಆದರೆ ಸಂಗ್ರಾಹಕರು ಅದನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವುದೂ, ಕೇಳಿದವರಿಗೆ ಅದು ಅಸಂಭವವೆಂದು ತೋರದಿರುವುದೂ ನಿಜ. ಹೈಂಡನಿಗೆ ಆ ಚೀಟಿ ಬಂದದ್ದು ಫೆರಾರಿ ಎಂಬ ಮಹಾಸಂಗ್ರಾಹಕನ ಸಂಗ್ರಹದಿಂದ. ಅಪಾರ ಐಶ್ವರ್ಯಕ್ಕೆ ಹುಟ್ಟಿ, ತಂದೆಯ ಬಿರುದನ್ನು ಬಿಟ್ಟು, ಆಯುಷ್ಯವೆಲ್ಲ ಚೀಟಿಗಳನ್ನೇ ಕೂಡಿಸಿದ ಆತ 1917ರಲ್ಲಿ ತೀರಿಕೊಂಡಾಗ ಸಂಗ್ರಹವನ್ನು ಬರ್ಲಿನ್ನಿನ ಅಂಚೆ ವಸ್ತುಸಂಗ್ರಹಾಲಯಕ್ಕೆ ಬರೆದಿಟ್ಟಿದ್ದನು. ಯುದ್ಧದ ಕಾಲ, ಫ್ರೆಂಚ್ ಸರಕಾರ ಅದನ್ನು ಶತ್ರುದೇಶದ ಆಸ್ತಿಯೆಂದು ವಶಪಡಿಸಿಕೊಂಡು 1921ರಿಂದ ಹರಾಜು ಹಾಕಿತು. ಒಂದು ಕಡೆ ಕೂಡಿಸಲು ಒಂದು ಜನ್ಮ ಹಿಡಿದದ್ದು ಕೆಲವೇ ವರ್ಷಗಳಲ್ಲಿ ನೂರು ಕೈಗಳಿಗೆ ಹೋಯಿತು.

ಇಷ್ಟು ಹೇಳಿದ ಮೇಲೆ ಸಂಗ್ರಾಹಕನ ಪರವಾಗಿಯೂ ಹೇಳಬೇಕಾದದ್ದಿದೆ. ಕಸದ ಬುಟ್ಟಿಗೆ ಹೋಗಬೇಕಾಗಿದ್ದ ಕಾಗದವನ್ನು ಅವನು ಉಳಿಸಿದನು. ನೀರುಗುರುತು ಯಾವುದು, ಎರಡು ಸೆಂಟಿಮೀಟರಿಗೆ ಎಷ್ಟು ರಂಧ್ರಗಳು, ಯಾವ ವರ್ಷದ ನೀಲಿ ಯಾವ ವರ್ಷದ್ದಕ್ಕಿಂತ ಗಾಢ ಎಂದು ಭೂತಗನ್ನಡಿ ಹಿಡಿದು ಕುಳಿತವನ ಏಕಾಗ್ರತೆಯನ್ನು ಹಗುರವಾಗಿ ಕಾಣಬಾರದು. ತಾಳೆಗರಿಯ ಓಲೆಗಳನ್ನು ಹುಳು ತಿನ್ನದಂತೆ ಕಾಯ್ದ ಭಂಡಾರಗಳ ಪರಂಪರೆಯುಳ್ಳ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಇಲ್ಲಿಯೂ ಒಂದು ವಿಪರ್ಯಾಸ. ಮೊದಲ ತಲೆಮಾರಿನ ಸಂಗ್ರಾಹಕರು ಚೀಟಿಯನ್ನು ಪಡೆಯುವ ಆತುರದಲ್ಲಿ ಲಕೋಟೆಯಿಂದ ಕತ್ತರಿಸಿ, ನೀರಿನಲ್ಲಿ ನೆನೆಸಿ ಬಿಡಿಸಿ, ಲಕೋಟೆಯನ್ನು ಎಸೆದರು. ಆ ಪತ್ರ ಯಾವ ದಿನ ಹೊರಟು, ಯಾವ ದಾರಿಯಲ್ಲಿ ಸಾಗಿ, ಎಂದು ಮುಟ್ಟಿತು ಎಂಬುದಕ್ಕೆ ಸಾಕ್ಷಿಯಾಗಿದ್ದ ಮುದ್ರೆಗಳು ಅದರೊಂದಿಗೆ ಹೋದವು. ಇಂದು 1877ರ ಚೀಟಿಯಿರುವ ಇಡೀ ಲಕೋಟೆಗೆ ಬಿಡಿ ಚೀಟಿಗಿಂತ ಎಷ್ಟೋ ಹೆಚ್ಚು ಗೌರವ. ಜ್ಞಾನಕ್ಕಾಗಿ ಕೂಡಿಸಿದವನು ಲಕೋಟೆಯನ್ನು ಉಳಿಸುತ್ತಿದ್ದನು. ಚೌಕ ತುಂಬಿಸಲು ಕೂಡಿಸಿದವನು ಕತ್ತರಿ ಹಿಡಿದನು.

ಇನ್ನು ನಕಲಿಯ ವಿಚಾರ. ಶ್ರಾವಕನ ಅಚೌರ್ಯ ವ್ರತಕ್ಕೆ ಪ್ರತಿರೂಪಕ ವ್ಯವಹಾರವು ಅತಿಚಾರ. ಅಸಲಿನೊಡನೆ ಅದರ ಪ್ರತಿರೂಪವನ್ನು ಬೆರೆಸಿ ಮಾರುವುದೆಂದು ಅದರ ತಾತ್ಪರ್ಯ. ತುಪ್ಪಕ್ಕೆ ಕೊಬ್ಬು, ಕೇಸರಿಗೆ ಬಣ್ಣದ ನಾರು ಎಂದೇ ಸಾಮಾನ್ಯವಾಗಿ ಉದಾಹರಣೆ ಕೊಡುತ್ತಾರೆ. ಸ್ಯಾನ್ ಮರೀನೊದ 1892ರ ಚೀಟಿಗಳಲ್ಲಿ ಇದು ಇನ್ನೂ ಸೂಕ್ಷ್ಮ. ಚೀಟಿ ಅಸಲಿ, ಮೇಲಚ್ಚು ಮಾತ್ರ ನಕಲಿ. ಸಾಧಾರಣ ಬೆಲೆಯ ಚೀಟಿಯ ಮೇಲೆ ತಲೆಕೆಳಗಾದ ಅಕ್ಷರಗಳನ್ನು ಒತ್ತಿದರೆ ಅಪರೂಪದ ಚೀಟಿ ಸಿದ್ಧ. ಅಸಲಿ ತಪ್ಪಿಗೆ ಬೆಲೆಯಿದೆ, ನಕಲಿ ತಪ್ಪಿಗೆ ಇಲ್ಲ! ಈ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದವನು ಇಟಲಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಜೀನ್ ಸ್ಪೆರಾಟಿ. ಅಗ್ಗದ ಹಳೆಯ ಚೀಟಿಯ ಬಣ್ಣವನ್ನು ರಾಸಾಯನಿಕಗಳಿಂದ ತೊಳೆದು, ಅದೇ ಕಾಗದದ ಮೇಲೆ ದುಬಾರಿ ಚೀಟಿಯನ್ನು ಮುದ್ರಿಸುತ್ತಿದ್ದನು. ಕಾಗದ ನಿಜ, ನೀರುಗುರುತು ನಿಜ, ರಂಧ್ರಗಳು ನಿಜ, ಚಿತ್ರವೊಂದೇ ಸುಳ್ಳು. 1942ರಲ್ಲಿ ಆತ ಲಿಸ್ಬನ್ನಿಗೆ ಕಳುಹಿಸಿದ ಒಂದು ಲಕೋಟೆಯನ್ನು ಫ್ರಾನ್ಸಿನ ಸುಂಕದವರು ತಡೆದರು. ಬೆಲೆಬಾಳುವ ಚೀಟಿಗಳನ್ನು ಕದ್ದು ಸಾಗಿಸುತ್ತಿದ್ದಾನೆಂದು ಆರೋಪ. ಇವು ನಕಲಿ, ತನ್ನದೇ ಕೈಕೆಲಸ ಎಂದು ಅವನು ನಿಜ ಹೇಳಿದನು; ಇವು ಅಸಲಿಯೇ ಎಂದು ಪರಿಣತರು ಪ್ರಮಾಣಪತ್ರ ಕೊಟ್ಟರು. ನಕಲಿಗಾರನು ಸತ್ಯ ನುಡಿದು, ಪರೀಕ್ಷಕರು ಪ್ರಾಮಾಣಿಕವಾಗಿಯೇ ಅಸತ್ಯ ನುಡಿದ ಇಂತಹ ಪ್ರಸಂಗ ಅಪೂರ್ವ. ಆದರೆ ಆತ ಸತ್ಯ ನುಡಿದದ್ದು ಸತ್ಯದ ಮೇಲಣ ಪ್ರೀತಿಯಿಂದಲ್ಲ, ದಂಡದ ಭಯದಿಂದ.

ಸ್ಪೆರಾಟಿಯಂತಹವರು ವಿರಳ. ಗೃಹಸ್ಥನ ಬಾಳಿನಲ್ಲಿ ಬರುವ ಪ್ರಶ್ನೆ ಇದಕ್ಕಿಂತ ಚಿಕ್ಕದು, ಆದರೆ ಹೆಚ್ಚು ತೊಡಕಿನದು. ಅಸಲಿಯೆಂದು ನಂಬಿ ದುಬಾರಿ ಬೆಲೆಗೆ ಕೊಂಡ ಚೀಟಿ ನಕಲಿಯೆಂದು ಆಮೇಲೆ ತಿಳಿಯಿತು. ಮಾರಿದವನು ಈಗ ಇಲ್ಲ. ಮೌನವಾಗಿ ಮತ್ತೊಬ್ಬನಿಗೆ ದಾಟಿಸಬಹುದೇ? ‘ಸುಳ್ಳು ನನ್ನದಲ್ಲ, ನನಗೆ ಬಂದಂತೆ ಕೊಡುತ್ತಿದ್ದೇನೆ; ಕೊಳ್ಳುವವನು ನೋಡಿ ಕೊಳ್ಳಲಿ’ ಎಂಬ ಸಮರ್ಥನೆ ಸಿದ್ಧವಾಗಿರುತ್ತದೆ. ಕೊಂಡ ದಿನ ಅವನು ಮೋಸಹೋದವನು. ತಿಳಿದು ಮಾರಿದ ದಿನ ಮೋಸಮಾಡಿದವನು. ನಷ್ಟ ಎಲ್ಲಿ ತಿಳಿಯಿತೋ ಅಲ್ಲಿಯೇ ನಿಲ್ಲಬೇಕು. ಇದರಲ್ಲಿ ಎರಡು ಮಾತಿಲ್ಲ.

ಕಷ್ಟವಿರುವುದು ತಿಳಿದವನ ವಿಷಯದಲ್ಲಲ್ಲ, ತಿಳಿದುಕೊಳ್ಳಲು ಒಲ್ಲದವನ ವಿಷಯದಲ್ಲಿ. ಚೀಟಿಯ ಮೇಲೆ ಅನುಮಾನವಿದೆ. ಪರಿಣತರಿಗೆ ತೋರಿಸಿದರೆ ಸಂಶಯ ಪರಿಹಾರವಾಗುತ್ತದೆ. ಆದರೆ ಉತ್ತರ ಪ್ರತಿಕೂಲವಾದರೆ ಮಾರುವಂತಿಲ್ಲ. ತೋರಿಸದಿದ್ದರೆ ‘ನನಗೇನು ಗೊತ್ತು’ ಎಂದು ಮಾರಬಹುದು. ಹೀಗೆ ಬೇಕೆಂದೇ ಉಳಿಸಿಕೊಂಡ ಅಜ್ಞಾನವು ಅಜ್ಞಾನದ ವಿನಾಯಿತಿಗೆ ಅರ್ಹವಲ್ಲ. ಅದು ಕಣ್ಣುಮುಚ್ಚಿಕೊಂಡು ಹಿಡಿದ ತಕ್ಕಡಿ. ತಂದೆಯ ಆಲ್ಬಮ್ಮು ಮಕ್ಕಳ ಪಾಲಿಗೆ ಬಂದಾಗ, ಅಥವಾ ಭಕ್ತರೊಬ್ಬರು ಇಂತಹ ಸಂಗ್ರಹವನ್ನು ಬಸದಿಯ ಟ್ರಸ್ಟಿಗೆ ಅರ್ಪಿಸಿದಾಗ, ಈ ಪ್ರಶ್ನೆ ನಿಜವಾಗಿ ಎದುರಾಗುತ್ತದೆ. ದತ್ತಿಯಾಗಿ ಬಂದ ವಸ್ತುವನ್ನು ಪರೀಕ್ಷಿಸುವುದು ದಾನಿಗೆ ಅಗೌರವವೆಂದು ಭಾವಿಸಿ, ಇದ್ದಂತೆಯೇ ಹರಾಜು ಹಾಕಿ, ಬಂದ ಹಣವನ್ನು ಅಭಿಷೇಕಕ್ಕೋ ಆಹಾರದಾನಕ್ಕೋ ವಿನಿಯೋಗಿಸುವುದು ಸುಲಭ. ಪರೀಕ್ಷೆಯ ಶುಲ್ಕ ತೆತ್ತು, ಪ್ರತಿಕೂಲ ಉತ್ತರವನ್ನು ಕಡತದಲ್ಲಿರಿಸಿ, ಸಂಶಯವಿರುವುದನ್ನು ಸಂಶಯವಿದೆಯೆಂದೇ ಬರೆದು ಮಾರುವುದು ಕಷ್ಟ. ಹಣವೂ ಕಡಿಮೆ ಬರುತ್ತದೆ. ಆದರೆ ಟ್ರಸ್ಟಿನ ಮುದ್ರೆ ಬಿದ್ದ ಕಾಗದವನ್ನು ಜನ ಪರೀಕ್ಷಿಸದೆ ನಂಬುತ್ತಾರೆ ಎಂಬ ಕಾರಣಕ್ಕೇ ಅಲ್ಲಿ ಪರೀಕ್ಷೆ ಹೆಚ್ಚು ಅಗತ್ಯ.

ನಕಲಿಯೆಂದು ನಿಶ್ಚಯವಾದ ಚೀಟಿಯ ಬೆನ್ನ ಮೇಲೆ ಅಳಿಸಲಾಗದಂತೆ ಹಾಗೆಂದು ಮುದ್ರೆ ಒತ್ತುವ ಪದ್ಧತಿ ಸಂಗ್ರಾಹಕರಲ್ಲಿದೆ. ಜಿನೀವಾದಲ್ಲಿದ್ದ ಫೂರ್ನಿಯೇ ಎಂಬವನು ಬಡ ಸಂಗ್ರಾಹಕರಿಗೆ ಅನುಕೂಲವಾಗಲೆಂದು ಹೇಳಿಕೊಂಡು, ಬೆಲೆಪಟ್ಟಿ ಅಚ್ಚುಹಾಕಿಸಿ ಬಹಿರಂಗವಾಗಿಯೇ ಪ್ರತಿರೂಪಗಳನ್ನು ಮಾರುತ್ತಿದ್ದನು. ಅವನಿಂದ ಪ್ರತಿರೂಪವೆಂದು ಕೊಂಡವರಲ್ಲಿ ಎಷ್ಟೋ ಮಂದಿ ಮುಂದೆ ಅಸಲಿಯೆಂದು ಮಾರಿದರು. 1917ರಲ್ಲಿ ಅವನು ತೀರಿಕೊಂಡನು. ಕೆಲವು ವರ್ಷಗಳ ಬಳಿಕ ಆ ನಗರದ ಅಂಚೆಚೀಟಿ ಸಂಗ್ರಾಹಕರ ಒಕ್ಕೂಟವೇ ಅವನ ದಾಸ್ತಾನನ್ನು ಕೊಂಡುಕೊಂಡಿತು. 1928ರಲ್ಲಿ ಒಂದು ಪಾಲನ್ನು ನಕಲಿಯೆಂಬ ಮುದ್ರೆಯೊಂದಿಗೆ, ಇತರರು ಗುರುತಿಸಿ ಎಚ್ಚರದಿಂದಿರಲೆಂದು, ಸುಮಾರು 480 ಆಲ್ಬಮ್ಮುಗಳಲ್ಲಿ ಜೋಡಿಸಿ ಹಂಚಿ, ಮಿಕ್ಕದ್ದನ್ನು ನಾಶಪಡಿಸಿದರು. ಆ ಆಲ್ಬಮ್ಮುಗಳು ಈಗ ವಿರಳವಾಗಿದ್ದು, ಹರಾಜಿಗೆ ಬಂದಾಗ ಸಂಗ್ರಾಹಕರು ಒಳ್ಳೆಯ ಬೆಲೆ ಕೊಟ್ಟು ಕೊಳ್ಳುತ್ತಾರೆ.